ಮದ್ದಳೆಯ ಎಡಗೈ ಮತ್ತು ಡಿಕ್ಕಿಯ ಪೆಟ್ಟಿಗೆ

ಕಾರಿಗೆ ಸ್ಟೀರಿಯೋ ಕೂರಿಸುವ ಅಂಗಡಿಗಳಲ್ಲಿ ಈಗ ಕೆಲಸಕ್ಕೆ ಸೇರುವವರು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ನಿಮ್ಮ ಕಾಲದಲ್ಲಿ ಸಬ್‌ವೂಫರ್ ಇತ್ತಾ ಎಂದು. ಹೆಸರು ಇರಲಿಲ್ಲ, ವಸ್ತು ಇತ್ತು. ನಾವು ಅದನ್ನು ಬೇಸಿನ ಪೆಟ್ಟಿಗೆ ಎನ್ನುತ್ತಿದ್ದೆವು. ಅಂಗಡಿಯಿಂದ ತಂದು ಸ್ಕ್ರೂ ಬಿಗಿದು ಕೊಡುವ ವಸ್ತು ಅದಾಗಿರಲಿಲ್ಲ. ಮಂಗಳೂರಿನಿಂದ ದೊಡ್ಡ ಸ್ಪೀಕರು ತರಿಸಬೇಕು, ಆಚಾರಿಯ ಹತ್ತಿರ ಪೆಟ್ಟಿಗೆ ಮಾಡಿಸಬೇಕು, ತಾಮ್ರದ ತಂತಿಯನ್ನು ನಾವೇ ಸುತ್ತಿ ಕಾಯಿಲ್ ಮಾಡಬೇಕು. ಅಷ್ಟಾದ ಮೇಲೂ ಅದು ಹಾಡುತ್ತದೋ ಬೊಬ್ಬೆ ಹಾಕುತ್ತದೋ ಎಂದು ಸ್ವಿಚ್ಚು ಹಾಕಿದ ಮೇಲೆಯೇ ಗೊತ್ತಾಗುವುದು.

ಪುತ್ತೂರಿನಲ್ಲಿ ಒಂಬತ್ತು ವರ್ಷ, ಸುಳ್ಯದಲ್ಲಿ ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದೆ. ಅಂಗಡಿ ಹೇಗೆ ಬೆಳೆಯಿತು ಎನ್ನುವುದನ್ನೆಲ್ಲ ಬರೆಯುವುದಿಲ್ಲ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ನಾನು ಹಾಳು ಮಾಡಿದ ಕೆಲವು ಕೆಲಸಗಳು, ಕಲಿಸಿದ ಇಬ್ಬರು ಹಿರಿಯರು, ಇವು ಮಾತ್ರ ಈಗಲೂ ನೆನಪಿಗೆ ಬರುತ್ತವೆ. ಬಂದರೆ ಸ್ವಲ್ಪ ಹೊತ್ತು ಬೇರೆ ಏನೂ ಮಾಡಲಾಗುವುದಿಲ್ಲ.

ಮೊದಲನೆಯವರು ಲೂವಿಸ್ ಪೊರ್ಬುಗಳು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಪೊರ್ಬುಗಳು ಎನ್ನುವುದು. ಎಪ್ಪತ್ತರ ದಶಕದ ಆರಂಭದಲ್ಲಿ ಪುತ್ತೂರಿನಲ್ಲಿ ಅವರದು ರೇಡಿಯೋ ರಿಪೇರಿಯ ಅಂಗಡಿ. ನಾನು ಐ.ಟಿ.ಐ. ಮುಗಿಸಿ ಅಲ್ಲಿಗೆ ಸೇರಿದವನು. ವಾಲ್ವಿನ ರೇಡಿಯೋಗಳು ಮುಗಿಯುತ್ತಾ ಟ್ರಾನ್ಸಿಸ್ಟರುಗಳು ಬರುತ್ತಿದ್ದ ಕಾಲ. ರಿಪೇರಿಗೆ ಬಂದ ಸೆಟ್ಟನ್ನು ನಾನು ಮೊದಲು ಬಿಚ್ಚಲು ಹೋಗುತ್ತಿದ್ದೆ. ಪೊರ್ಬುಗಳು ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ತೆಗೆದು ತಮ್ಮ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಐದು ನಿಮಿಷ ಸೆಟ್ಟಿನ ಎದುರು ಕೂತು ಕೇಳಬೇಕು, ಎಂತ ಇಲ್ಲ ಎಂದು ಬಾಯಲ್ಲಿ ಹೇಳಬೇಕು, ಆಮೇಲೆ ಸ್ಕ್ರೂಡ್ರೈವರು ಸಿಗುವುದು. ಗೊರಗೊರ ಎನ್ನುತ್ತದೆ ಎಂದರೆ ಅವರಿಗೆ ಸಾಲದು. ಅದು ಕೇಳುತ್ತಿರುವುದಾಯಿತು, ಕೇಳದೆ ಇರುವುದು ಯಾವುದು ಎಂದು ಕೇಳುತ್ತಿದ್ದರು. ಮೊದಲ ವರ್ಷ ಈ ಮಾತಿನ ತಲೆಬುಡ ನನಗೆ ಅರ್ಥವಾಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಗಲ್ಫಿನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಗಳಲ್ಲಿ ಕಾರಿನ ಕ್ಯಾಸೆಟ್ ಸೆಟ್ಟುಗಳು ಬರತೊಡಗಿದವು. ಕಾರು ಇದ್ದವರು ಕಡಿಮೆ, ಆದರೆ ಸೆಟ್ಟು ಬಂದ ಮೇಲೆ ಅದನ್ನು ಎಲ್ಲಾದರೂ ಕೂರಿಸಬೇಕಲ್ಲ. ಬಾಡಿಗೆ ಕಾರು, ಜೀಪು, ಒಮ್ಮೆ ಒಂದು ಟ್ರ್ಯಾಕ್ಟರಿಗೂ ಕೂರಿಸಿದ್ದೇನೆ. ಈ ಕೆಲಸವನ್ನು ನಮಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಹಾಳು ಮಾಡಿಯೇ ಕಲಿತೆವು.

ನಾನು ಮೊದಲು ಹಾಳು ಮಾಡಿದ್ದು ಒಬ್ಬ ಡಾಕ್ಟರರ ಕಾರನ್ನು. ಸ್ವರ ಜೋರು ಮಾಡುವ ಬೂಸ್ಟರಿಗೆ, ಈಗಿನವರ ಆಂಪ್ಲಿಫಯರಿಗೆ, ಕರೆಂಟನ್ನು ಬ್ಯಾಟರಿಯಿಂದ ನೇರವಾಗಿ ತರಬೇಕು, ಬ್ಯಾಟರಿಯ ಬುಡದಲ್ಲೇ ಫ್ಯೂಸು ಹಾಕಬೇಕು. ನಾನು ಸುಲಭವಾಗಲಿ ಎಂದು ಕೀಲಿಕೈಯ ಸ್ವಿಚ್ಚಿನ ಸಪೂರ ವಯರಿನಿಂದಲೇ ತೆಗೆದೆ, ಫ್ಯೂಸೂ ಹಾಕಲಿಲ್ಲ. ಡಾಕ್ಟರರು ಕಾರನ್ನು ಬೊಳುವಾರಿನವರೆಗೆ ಕೊಂಡುಹೋಗುವಷ್ಟರಲ್ಲಿ ಡ್ಯಾಷ್‌ಬೋರ್ಡಿನ ಒಳಗಿಂದ ಹೊಗೆ ಬಂತು. ಪುಣ್ಯಕ್ಕೆ ಅವರು ಗಾಡಿ ನಿಲ್ಲಿಸಿ ಬ್ಯಾಟರಿಯ ವಯರು ಕಿತ್ತರು. ಪೊರ್ಬುಗಳು ನನಗೆ ಬಯ್ಯಲಿಲ್ಲ. ಅಂಗಡಿಗೆ ಬಾಗಿಲು ಹಾಕಿ, ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ರೋಗಿಗಳ ಸಾಲಿನಲ್ಲಿ ಕೂರಿಸಿದರು. ನಮ್ಮ ಸರದಿ ಬಂದಾಗ ಒಳಗೆ ಹೋಗಿ, ತಪ್ಪು ಏನು, ಅದನ್ನು ಯಾಕೆ ಮಾಡಿದೆ ಎಂದು ನಾನೇ ಹೇಳಬೇಕಾಯಿತು. ‘ಸುಲಭವಾಗಲಿ ಎಂದು ಮಾಡಿದೆ’ ಎನ್ನುವ ಮಾತನ್ನು ಡಾಕ್ಟರರ ಮುಖ ನೋಡಿ ಹೇಳುವುದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು. ಆ ಮೇಲೆ ನನ್ನ ಜನ್ಮದಲ್ಲಿ ಫ್ಯೂಸು ಇಲ್ಲದ ವಯರನ್ನು ಎಳೆದದ್ದಿಲ್ಲ.

ಇನ್ನೊಂದು ಕಡಬದ ಜೀಪಿನದು. ಹಾಡು ಹಾಕಿದರೆ ಅದರ ಜೊತೆಗೆ ‘ಕುಂಯ್’ ಎಂದು ಒಂದು ಕೂಗು. ಆಕ್ಸಿಲರೇಟರ್ ಒತ್ತಿದ ಹಾಗೆ ಆ ಕೂಗೂ ಏರುವುದು. ಎರಡು ದಿನ ಕಡಬದಲ್ಲೇ ಉಳಿದು ಸೆಟ್ಟು ಬದಲಾಯಿಸಿದೆ, ಬೂಸ್ಟರು ಬದಲಾಯಿಸಿದೆ, ಸ್ಪೀಕರೂ ಬದಲಾಯಿಸಿದೆ. ಕೊನೆಗೆ ಪೊರ್ಬುಗಳೇ ಬಸ್ಸು ಹತ್ತಿ ಬಂದರು. ಅರ್ತ್ ವಯರನ್ನು ಬಿಗಿದ ಬೋಲ್ಟು ಬಿಚ್ಚಿ, ಅಡಿಯ ಬಣ್ಣವನ್ನು ಚೂರಿಯಲ್ಲಿ ಕೆರೆದು, ಹೊಳೆಯುವ ತಗಡಿನ ಮೇಲೆ ಮತ್ತೆ ಬಿಗಿದರು. ಕೂಗು ನಿಂತಿತು. ನಾನು ಬಣ್ಣದ ಮೇಲೆಯೇ ಬಿಗಿದಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಹೇಳಿದ್ದು: “ನೀನು ಮಾಡಿದ ಕೆಲಸದ ಮೇಲೆ ಮೊದಲು ಸಂಶಯ ಮಾಡು. ಕಂಪೆನಿಯವ ಮಾಡಿದ್ದರ ಮೇಲೆ ಆಮೇಲೆ.”

ಎಂಬತ್ತರ ದಶಕ ಶುರುವಾಗುವಾಗ ಪೊರ್ಬುಗಳ ಕಣ್ಣು ಮಂಜಾಯಿತು. ಬೆಸುಗೆ ಹಾಕುವಾಗ ಕೈ ಸುಟ್ಟುಕೊಳ್ಳತೊಡಗಿದರು. ಅಂಗಡಿ ಮುಚ್ಚಿ ಮಗಳ ಮನೆಗೆ ಹೋದರು. ತಮ್ಮ ಮೀಟರನ್ನೂ ಬೆಸುಗೆ ಕಡ್ಡಿಯನ್ನೂ ನನಗೆ ಕೊಟ್ಟರು. ನಾನು ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದೆ. ಹೊಸ ಊರು, ಹೊಸ ಅಂಗಡಿ. ಅವರು ಪಕ್ಕದಲ್ಲಿ ಇಲ್ಲದೆ ಒಂದು ಸೆಟ್ಟಿನ ಎದುರು ಕೂತಾಗ, ತಿರುಗಿ ನೋಡುವ ಅಭ್ಯಾಸ ಬಹಳ ದಿನ ಹೋಗಲಿಲ್ಲ.

ಮುಂದೆ ಹೇಳುವುದು ಸುಳ್ಯದಲ್ಲಿ ನಡೆದದ್ದು. ನನ್ನ ಎಲ್ಲ ಕೆಲಸಗಳಲ್ಲಿ ನಾನು ಮತ್ತೊಮ್ಮೆ ಮಾಡಲು ಆಸೆಪಡುವ ಕೆಲಸ ಇದು ಒಂದೇ.

ಮಂಡೆಕೋಲಿನ ಉಸ್ಸೇನ್ ಬ್ಯಾರಿಗಳು ಹತ್ತು ಹನ್ನೆರಡು ವರ್ಷ ಗಲ್ಫಿನಲ್ಲಿದ್ದವರು. ಎಂಬತ್ತರ ದಶಕದ ನಡುವೆ ಊರಿಗೆ ಬರುವಾಗ ಹಡಗಿನಲ್ಲಿ ಒಂದು ಜಪಾನಿನ ಕಾರು ತಂದರು. ಅಂಥ ಕಾರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮ ಕಡೆಯ ಕಾರುಗಳಲ್ಲಿ ಸೆಟ್ಟು ಎಂದರೆ ಹೊರಗಿನಿಂದ ತಂದು ಡ್ಯಾಷ್‌ಬೋರ್ಡಿನ ಅಡಿಗೆ ನೇತುಹಾಕುವಂಥದ್ದು. ಇದರಲ್ಲಿ ಕಂಪೆನಿಯವರೇ ಡ್ಯಾಷ್‌ಬೋರ್ಡಿನ ಒಳಗೆ ಕೂರಿಸಿದ ರೇಡಿಯೋ ಕ್ಯಾಸೆಟ್, ಎರಡು ಬಾಗಿಲುಗಳ ಒಳಗೆ ಅಂಗೈಯಗಲದ ಸ್ಪೀಕರುಗಳು. ಧ್ವನಿ ಬಹಳ ಸ್ವಚ್ಛ. ಆದರೆ ಅಷ್ಟು ಸಣ್ಣ ಸ್ಪೀಕರಿನಲ್ಲಿ ದಪ್ಪ ಸ್ವರ ಸರಿಯಾಗಿ ಬರುವುದಿಲ್ಲ. ಅದು ಯಾವ ಕಂಪೆನಿಯ ತಪ್ಪೂ ಅಲ್ಲ, ಗಾತ್ರದ ಮಿತಿ.

ಉಸ್ಸೇನ್ ಬ್ಯಾರಿಗಳಿಗೆ ಯಕ್ಷಗಾನದ ಹುಚ್ಚು. ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ಅವರು ಇರುವರು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾಗ ಮಂಡೆಕೋಲಿನ ಶಾಲೆಯಲ್ಲಿ ನಡೆದ ಒಂದು ತಾಳಮದ್ದಳೆಯನ್ನು ರೇಡಿಯೋ, ಟೇಪು ಎರಡೂ ಇದ್ದ ತಮ್ಮ ಟೂ-ಇನ್-ವನ್ನಿನಲ್ಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದರು. ಆ ಕೂಟದಲ್ಲಿ ಮದ್ದಳೆ ಬಾರಿಸಿದವರು ಅವರ ನೆರೆಮನೆಯ ಐತಪ್ಪಣ್ಣ. ಹಗಲು ಸುಳ್ಯದಲ್ಲಿ ದರ್ಜಿ ಕೆಲಸ, ಉಳಿದ ಹೊತ್ತು ಮದ್ದಳೆ. ಚೆಂಡೆ ಬಾರಿಸಿದವರು ಮರ್ಕಂಜದ ನಾರ್ಣಪ್ಪಣ್ಣ, ಕಮ್ಮಾರರು. ಇಪ್ಪತ್ತು ವರ್ಷ ಜೊತೆಯಾಗಿಯೇ ಬಾರಿಸಿದವರು ಅವರಿಬ್ಬರು. ಒಬ್ಬರನ್ನು ಕರೆದರೆ ಇನ್ನೊಬ್ಬರು ಬರುತ್ತಾರೆ ಎಂದೇ ಲೆಕ್ಕ.

ಆ ಕ್ಯಾಸೆಟ್ಟಿನಿಂದ ಅವರ ನಡುವೆ ಮಾತು ನಿಂತಿತು. ಟೇಪಿನಲ್ಲಿ ಹಾಡುವ ಭಾಗವತರ ಸ್ವರ ಕೇಳುತ್ತದೆ, ಚೆಂಡೆ ಕೇಳುತ್ತದೆ, ಮದ್ದಳೆ ಮಾತ್ರ ಅರ್ಧ. ಮದ್ದಳೆಯ ಬಲಬದಿಯ ಸ್ವರ ಸಪೂರವಾಗಿ ಬರುತ್ತದೆ, ಎಡಬದಿಯ ದಪ್ಪ ಪೆಟ್ಟು ಇಲ್ಲ ಎನ್ನುವಷ್ಟು ಕಡಿಮೆ. ಕೇಳಿದವರೆಲ್ಲ ಚೆಂಡೆಯನ್ನು ಹೊಗಳಿದರು. ಮದ್ದಳೆಯವರಿಗೆ ಆ ದಿನ ಹುಷಾರಿರಲಿಲ್ಲವೋ ಎಂದು ಕೇಳಿದರು. ಕೂಟ ಶುರುವಾಗುವ ಮೊದಲು ನಾರ್ಣಪ್ಪಣ್ಣ ಟೂ-ಇನ್-ವನ್ನನ್ನು ತನ್ನ ಕೈಯಾರೆ ಸರಿಸುವುದನ್ನು ಐತಪ್ಪಣ್ಣ ಆಚೆಯಿಂದ ನೋಡಿದ್ದರು, ಎಲ್ಲಿ ಇಟ್ಟ ಎಂದು ಕಂಡಿರಲಿಲ್ಲ. ತನ್ನ ಚೆಂಡೆಯ ಬುಡಕ್ಕೆ ಎಳೆದುಕೊಂಡ ಎಂದು ಅವರ ಮನಸ್ಸಿಗೆ ಬಂತು. ಬಾಯಿಬಿಟ್ಟು ಕೇಳಲಿಲ್ಲ. ಮುಂದಿನ ಕೂಟಕ್ಕೆ ಕರೆ ಬಂದಾಗ, ನಾರ್ಣಪ್ಪ ಇದ್ದರೆ ನಾನು ಇಲ್ಲ ಎಂದರು. ಹಾಗೆಯೇ ಏಳು ವರ್ಷ ಹೋಯಿತು. ಆಮೇಲೆ ಪಕ್ಷವಾತ ಬಡಿದು ಐತಪ್ಪಣ್ಣನ ಎಡಗೈ ಬಿದ್ದುಹೋಯಿತು. ಮದ್ದಳೆಯೂ ಹೋಯಿತು, ಹೊಲಿಗೆಯೂ ಹೋಯಿತು.

ಉಸ್ಸೇನ್ ಬ್ಯಾರಿಗಳು ಪ್ರತಿ ಗುರುವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು, ಕೈಗೆ ಕರೆಂಟು ಕೊಡಿಸಲು ಪುತ್ತೂರಿನ ಆಸ್ಪತ್ರೆಗೆ ಹೋಗುತ್ತಿದ್ದರು. ದಾರಿಯಲ್ಲಿ ಬೇಸರ ಕಳೆಯಲಿ ಎಂದು ಆ ಕ್ಯಾಸೆಟ್ಟು ಹಾಕುವರು. ಅಂಥ ಒಂದು ಗುರುವಾರ ನನ್ನ ಅಂಗಡಿಯ ಎದುರು ಕಾರು ನಿಂತಿತು. ಮಾತು ನಡೆದದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಉಸ್ಸೇನ್ ಬ್ಯಾರಿಗಳು ಹೇಳಿದರು, “ದಾಮೋದರ, ಕಾರಿಗೆ ಒಂದು ತೂತು ಬೀಳ್ಬಾರ್ದು, ಕಂಪೆನಿಯ ಸೆಟ್ಟು ತೆಗೀಬಾರ್ದು. ಆದ್ರೆ ಐತಪ್ಪಣ್ಣನಿಗೆ ಮದ್ದಳೆ ಕೇಳ್ಬೇಕು.”

ಹಿಂದಿನ ಸೀಟಿನಲ್ಲಿ ಕೂತಿದ್ದ ಐತಪ್ಪಣ್ಣ ಬಲಗೈಯಲ್ಲಿ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. “ಎಂತ ಕೇಳ್ಬೇಕು ಮಾರಾಯ. ಬಲಗೈ ಕೇಳ್ತದೆ, ಎಡಗೈ ಇಲ್ಲ. ಈಗ ನನ್ನ ಎಡಗೈ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.”

ನಾನು ಪೊರ್ಬುಗಳು ಹೇಳಿಕೊಟ್ಟಂತೆ ಕ್ಯಾಸೆಟ್ಟನ್ನು ಹಾಕಿಸಿ ಸುಮ್ಮನೆ ಕೂತು ಕೇಳಿದೆ. ಟೇಪಿನಲ್ಲಿ ಮದ್ದಳೆ ಇಲ್ಲವೋ, ಅಥವಾ ಟೇಪಿನಲ್ಲಿ ಇದ್ದು ಸ್ಪೀಕರಿನಲ್ಲಿ ಬರುವುದಿಲ್ಲವೋ ಎಂದು ಗೊತ್ತಾಗಲಿಲ್ಲ. ಟೇಪಿನಲ್ಲೇ ಇಲ್ಲದಿದ್ದರೆ ಯಾವ ಪೆಟ್ಟಿಗೆ ಹಾಕಿದರೂ ಬರುವುದಿಲ್ಲ ಎಂದು ಅವರಿಗೆ ಬಿಚ್ಚಿ ಹೇಳಿದೆ. ಐತಪ್ಪಣ್ಣ ಒಪ್ಪಿದರು. ಇಲ್ಲದಿದ್ದರೆ ಇಲ್ಲ ಎಂದಾದರೂ ಗೊತ್ತಾಗಲಿ ಎಂದರು.

ಕೆಲಸಕ್ಕೆ ಒಂದು ವಾರ ಹಿಡಿಯಿತು. ಕಂಪೆನಿಯ ಸೆಟ್ಟಿನಿಂದ ಹೊರಗೆ ಬೂಸ್ಟರಿಗೆ ಕೊಡುವ ಬೇರೆ ತೂತು ಇರುವುದಿಲ್ಲ. ಆದ್ದರಿಂದ ಬಾಗಿಲಿನ ಸ್ಪೀಕರುಗಳಿಗೆ ಹೋಗುವ ವಯರಿನಿಂದಲೇ ಕವಲು ತೆಗೆದು, ಸೀಟಿನ ಅಡಿಯಿಂದ ಡಿಕ್ಕಿಯಲ್ಲಿಟ್ಟ ಬೂಸ್ಟರಿಗೆ ಎಳೆದೆ. ಬ್ಯಾಟರಿಯ ವಯರನ್ನು, ಮೊದಲೇ ಇದ್ದ ಒಂದು ರಬ್ಬರು ಬುಚ್ಚಿನ ಸಂದಿನಿಂದ ಒಳಗೆ ತಂದೆ. ಫ್ಯೂಸು ಬ್ಯಾಟರಿಯ ಬುಡದಲ್ಲಿ. ಅರ್ತ್‌ಗೆ ಡಿಕ್ಕಿಯ ಬೋಲ್ಟಿನ ಅಡಿಯ ಬಣ್ಣ ಕೆರೆದೆ. ಪಂಜದ ಒಬ್ಬ ಆಚಾರಿ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಟ್ಟರು. ಗಾಳಿ ಸೋರದಂತೆ ಸಂದುಗಳಿಗೆ ಮೇಣ ತುಂಬಿಸಿದೆವು. ಸಪೂರ ಸ್ವರಗಳು ಆ ದೊಡ್ಡ ಸ್ಪೀಕರಿಗೆ ಹೋಗದಂತೆ ತಡೆಯಲು ನಾನು ಕಾಯಿಲ್ ಸುತ್ತಿದೆ. ಪೆಟ್ಟಿಗೆಯನ್ನು ಹಿಂದಿನ ಸೀಟಿನ ಬೆನ್ನಿಗೆ ಮುಖ ಮಾಡಿ ಡಿಕ್ಕಿಯಲ್ಲಿ ಕೂರಿಸಿದೆ. ಕಾರಿನ ಮೈಗೆ ಒಂದೂ ತೂತು ಬಿದ್ದಿರಲಿಲ್ಲ. ನನಗೆ ಬಹಳ ಹೆಮ್ಮೆಯಾಗಿತ್ತು.

ಮುಂದಿನ ಗುರುವಾರ ಬೆಳಿಗ್ಗೆ ಇಬ್ಬರೂ ಬಂದರು. ಕ್ಯಾಸೆಟ್ಟು ಹಾಕಿದೆ. ಭಾಗವತರ ಸ್ವರ ಬಂತು, ಚೆಂಡೆ ಬಂತು. ಐತಪ್ಪಣ್ಣ ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಮೊದಲು ಸ್ವಲ್ಪವಾದರೂ ಇತ್ತು, ಈಗ ಅದೂ ಇಲ್ಲ ಎಂದರು. ನಾನು ಬೂಸ್ಟರಿನ ಗುಬ್ಬಿ ತಿರುಗಿಸಿ ಜೋರು ಮಾಡಿದೆ. ಇನ್ನೂ ಟೊಳ್ಳಾಯಿತು. ಉಸ್ಸೇನ್ ಬ್ಯಾರಿಗಳ ಮುಖ ಸಣ್ಣದಾಯಿತು. ಆಸ್ಪತ್ರೆಗೆ ಹೊತ್ತಾಯಿತು ಎಂದು ಗಾಡಿಗೆ ಹತ್ತಿದರು. ಟೇಪಿನಲ್ಲೇ ಇರಲಿಕ್ಕಿಲ್ಲ ಎಂದು ನಾನು ಹೇಳಿಬಿಟ್ಟೆ. ಹೇಳುವಾಗಲೇ ಅದು ಪೂರ್ತಿ ನಿಜವಲ್ಲ ಎಂದು ಗೊತ್ತಿತ್ತು. ಟೇಪಿನಲ್ಲಿ ಇಲ್ಲದಿದ್ದರೆ ಮೊದಲಿನಷ್ಟೇ ಕೇಳಬೇಕಿತ್ತು. ಮೊದಲಿಗಿಂತ ಕಡಿಮೆ ಯಾಕೆ ಕೇಳಬೇಕು? ಆದರೆ ಆ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ.

ಕೇಳಿದ್ದು ಐತಪ್ಪಣ್ಣ. ಸಂಜೆ ಪುತ್ತೂರಿನಿಂದ ವಾಪಸು ಬರುವಾಗ ಅವರೇ ಹೇಳಿ ಕಾರನ್ನು ಮತ್ತೆ ನನ್ನ ಅಂಗಡಿಯ ಎದುರು ನಿಲ್ಲುವಂತೆ ಮಾಡಿದರು. ಬಾಗಿಲಿನ ಸ್ಪೀಕರುಗಳನ್ನು ಬಂದ್ ಮಾಡಿ, ಡಿಕ್ಕಿಯ ಪೆಟ್ಟಿಗೆ ಒಂದನ್ನೇ ಕೇಳಿಸಲು ಆಗುತ್ತದೋ ಎಂದು ಕೇಳಿದರು. ಡ್ಯಾಷ್‌ಬೋರ್ಡಿನ ಹಿಂದೆ ಬಾಗಿಲಿಗೆ ಹೋಗುವ ವಯರುಗಳನ್ನು ಕಿತ್ತೆ. ಕ್ಯಾಸೆಟ್ಟು ಹಾಕಿದೆ.

ದೂರದಲ್ಲಿ, ನೀರಿನ ಅಡಿಯಲ್ಲಿ ಎಂಬಂತೆ, ಮದ್ದಳೆಯ ಎಡಬದಿ ಕೇಳಿತು.

ಐತಪ್ಪಣ್ಣ ಬೆರಳು ಎತ್ತಿದರು. ಈಗ ಬಾಗಿಲಿನದ್ದನ್ನೂ ಹಾಕು ಎಂದರು. ಹಾಕಿದೆ. ಮದ್ದಳೆ ಹೋಯಿತು. ತೆಗೆ ಎಂದರು. ತೆಗೆದೆ. ಬಂತು. ಹೀಗೆ ಮೂರು ಸಲ ಮಾಡಿಸಿದರು. ಆಮೇಲೆ ತಮ್ಮ ಬಲಗೈಯನ್ನು ತೊಡೆಯ ಮೇಲೆ ತಟ್ಟಿ ತೋರಿಸುತ್ತಾ ಹೇಳಿದರು, “ಇಬ್ರೂ ಒಟ್ಟಿಗೆ ಬಾರಿಸ್ತಾ ಇದ್ದಾರೆ, ಆದ್ರೆ ಒಬ್ಬ ಕೈ ಇಳಿಸುವಾಗ ಇನ್ನೊಬ್ಬ ಕೈ ಎತ್ತುತ್ತಾನೆ. ಹಾಗೆ ಆದ್ರೆ ಪೆಟ್ಟು ಕೇಳುದು ಹೇಗೆ?”

ನನಗೆ ಥಟ್ಟನೆ ಹೊಳೆಯಿತು. ಸ್ಪೀಕರಿನ ಒಳಗಿನ ಕಾಗದದ ಕೋನು ಮುಂದಕ್ಕೆ ಹೋಗಿ ಹಿಂದಕ್ಕೆ ಬಂದರೆ ಸ್ವರ. ಎರಡು ವಯರುಗಳನ್ನು ಅದಲುಬದಲು ಕೊಟ್ಟರೆ ಒಂದು ಸ್ಪೀಕರು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ದಪ್ಪ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಕೈಯಲ್ಲಿ ಗೊತ್ತಿರಲಿಲ್ಲ. ಮಂಗಳೂರಿನಿಂದ ತಂದ ಸ್ಪೀಕರಿಗೆ ಪ್ಲಸ್ ಮೈನಸ್ ಗುರುತು ಇರಲಿಲ್ಲ, ನಾನು ಅಂದಾಜಿನಲ್ಲಿ ಬೆಸುಗೆ ಹಾಕಿದ್ದೆ. ಡಿಕ್ಕಿ ತೆರೆದು ಪೆಟ್ಟಿಗೆಯ ಎರಡು ವಯರುಗಳನ್ನು ಬಿಚ್ಚಿ ಅದಲುಬದಲು ಮಾಡಿದೆ. ಎರಡು ನಿಮಿಷದ ಕೆಲಸ.

ಆ ದಿನದಿಂದ ಯಾವ ಸ್ಪೀಕರು ಬಂದರೂ ಮೊದಲು ಒಂದು ಟಾರ್ಚಿನ ಸೆಲ್ಲನ್ನು ವಯರು ಬೆಸೆಯುವ ಅದರ ಎರಡು ಕಾಲುಗಳಿಗೆ ಮುಟ್ಟಿಸಿ, ಕೋನು ಮುಂದೆ ಬಂತೋ ಹಿಂದೆ ಹೋಯಿತೋ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಯೇ ಕೂರಿಸುವುದು. ನೀವೂ ಹಾಗೆ ಮಾಡಿ. ಗುರುತು ಅಚ್ಚಾಗಿದ್ದರೂ ಮಾಡಿ.

ಮತ್ತೆ ಕ್ಯಾಸೆಟ್ಟು ಹಾಕಿದೆ. ಈ ಸಲ ನಾನು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಯುದ್ಧದ ಒಂದು ಪದ, ಅಂದರೆ ಭಾಗವತರ ಹಾಡು. ಚೆಂಡೆಯ ಅಡಿಯಲ್ಲಿ ಮದ್ದಳೆಯ ಎಡಗೈ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ, ಸೀಟಿನ ಬೆನ್ನಿನಿಂದ ನಮ್ಮ ಬೆನ್ನಿಗೆ ಬರುತ್ತಿತ್ತು. ಉಸ್ಸೇನ್ ಬ್ಯಾರಿಗಳು ಸ್ಟಿಯರಿಂಗಿನ ಮೇಲೆ ಬೆರಳಾಡಿಸುತ್ತಾ ನಗುತ್ತಿದ್ದರು. ಐತಪ್ಪಣ್ಣ ನಗಲಿಲ್ಲ. ಅವರು ಇನ್ನೇನನ್ನೋ ಕೇಳುತ್ತಿದ್ದರು. ಸ್ವಲ್ಪ ಹಿಂದೆ ಹಾಕು ಎಂದರು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಆಗ ನನಗೂ ಕೇಳಿತು. ಮದ್ದಳೆಯ ಪೆಟ್ಟುಗಳ ನಡುವೆ ಯಾರೋ ಗಂಟಲಿನ ಒಳಗೇ ‘ಹ್ಞೂಂ, ಹ್ಞೂಂ’ ಎಂದು ತಾಳಕ್ಕೆ ಗುನುಗುತ್ತಿದ್ದಾರೆ. ಬಹಳ ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ ಕೂತವರ ಹಾಗೆ.

“ಅದು ನಾನು,” ಎಂದರು ಐತಪ್ಪಣ್ಣ.

ಬಾರಿಸುವಾಗ ಹಾಗೆ ಗುನುಗುವುದು ಅವರ ಅಭ್ಯಾಸವಂತೆ. ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳದಷ್ಟು ಸಣ್ಣ ಸ್ವರ. ಅದು ಟೇಪಿನಲ್ಲಿ ಇಷ್ಟು ಹತ್ತಿರದಲ್ಲಿ ಇರಬೇಕಾದರೆ ಟೂ-ಇನ್-ವನ್ ಎಲ್ಲಿ ಇದ್ದಿರಬೇಕು? ನಾರ್ಣಪ್ಪಣ್ಣ ಅದನ್ನು ಸರಿಸಿದ್ದು ತನ್ನ ಕಡೆಗಲ್ಲ. ಐತಪ್ಪಣ್ಣನ ಎಡಮಗ್ಗುಲಿಗೆ, ಸ್ವಲ್ಪ ಹಿಂದಕ್ಕೆ, ಬಾರಿಸುವಾಗ ಅವರ ಕಣ್ಣು ಹೋಗದ ಕಡೆ. ಟೇಪಿನಲ್ಲಿ ಎಲ್ಲವೂ ಇತ್ತು. ಅದನ್ನು ಕೇಳಿಸಿದ ಸ್ಪೀಕರುಗಳೆಲ್ಲ ಸಣ್ಣವಾಗಿದ್ದವು, ಅಷ್ಟೇ.

ಆ ಪದ ಮುಗಿದು ಕ್ಯಾಸೆಟ್ಟಿನ ಆ ಬದಿ ತೀರಿ ‘ಟಕ್’ ಎಂದು ನಿಂತಿತು. ಐತಪ್ಪಣ್ಣ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು, “ಉಸ್ಸೇನಾ, ಮರ್ಕಂಜಕ್ಕೆ ಈ ಕಾರು ಹೋಗ್ತದಾ?”

ನಾನೂ ಹೋದೆ. ಡಿಕ್ಕಿಯ ವಯರು ಅಲುಗಾಡಿ ಬಿಟ್ಟುಹೋದರೆ ಎಂದು ನೆಪ ಹೇಳಿದೆ. ನಿಜವಾಗಿ, ನನಗೆ ಅಂಗಡಿಯಲ್ಲಿ ಇರಲಾಗಲಿಲ್ಲ.

ನಾರ್ಣಪ್ಪಣ್ಣನ ಮನೆ ರಸ್ತೆಯ ಪಕ್ಕದಲ್ಲೇ, ಕುಲುಮೆಗೆ ತಾಗಿಕೊಂಡು. ಕುಲುಮೆ ತಣ್ಣಗಿತ್ತು. ಅವರ ಹೆಂಡತಿ ಲಕ್ಷ್ಮಿಯಕ್ಕ ಹೊರಗೆ ಬಂದು ಐತಪ್ಪಣ್ಣನನ್ನು ಕಂಡು ಬಾಗಿಲಿನಲ್ಲೇ ನಿಂತುಬಿಟ್ಟರು. ಒಳಗಿನಿಂದ ನಾರ್ಣಪ್ಪಣ್ಣ ಬಂದರು. ದೊಡ್ಡ ಮೈಕಟ್ಟಿನ ಮನುಷ್ಯ. ಏಳು ವರ್ಷದ ಮೇಲೆ ಗೆಳೆಯನನ್ನು ನೋಡಿದವರು, ಮೊದಲು ನೋಡಿದ್ದು ಆ ಎಡಗೈಯನ್ನು. ಐತಪ್ಪಣ್ಣ ಏನೋ ಹೇಳಿದರು. ನಾರ್ಣಪ್ಪಣ್ಣ ಹೆಂಡತಿಯ ಮುಖ ನೋಡಿದರು. ಲಕ್ಷ್ಮಿಯಕ್ಕ ನಮಗೆ ಹೇಳಿದರು, ಅವರಿಗೆ ಕಿವಿ ಹೋಗಿ ಮೂರು ವರ್ಷವಾಯಿತು, ಕುಲುಮೆಯ ಪೆಟ್ಟು ಮತ್ತು ಚೆಂಡೆ ಎರಡೂ ಸೇರಿ. ಕಿವಿಯ ಹತ್ತಿರ ಜೋರಾಗಿ ಹೇಳಿದರೆ ಸ್ವಲ್ಪ ಕೇಳುತ್ತದೆ. ಚೆಂಡೆಯನ್ನು ಯಾರಿಗೋ ಕೊಟ್ಟಾಗಿದೆ.

ಇಷ್ಟು ಮಾಡಿ ಕೇಳಿಸಲು ತಂದದ್ದನ್ನು ಕೇಳುವ ಕಿವಿ ಇಲ್ಲ. ನಾನು ವಾಪಸು ಹೋಗುವ ಎನ್ನುವಂತೆ ಉಸ್ಸೇನ್ ಬ್ಯಾರಿಗಳ ಮುಖ ನೋಡಿದೆ. ಐತಪ್ಪಣ್ಣ ಮಾತ್ರ ಗೆಳೆಯನ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೂತರು. ಉಸ್ಸೇನ್ ಬ್ಯಾರಿಗಳು ಕ್ಯಾಸೆಟ್ಟು ಹಾಕಿದರು.

ನಾರ್ಣಪ್ಪಣ್ಣ ಮೊದಲು ಸುಮ್ಮನೆ ಎದುರಿನ ಗಾಜನ್ನು ನೋಡುತ್ತಿದ್ದರು. ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿ ಕೂತರು. ಅಂಗೈಯನ್ನು ಸೀಟಿನ ಬೆನ್ನಿನ ಮೇಲೆ ಅಗಲವಾಗಿ ಇಟ್ಟರು. ಅವರದೇ ಚೆಂಡೆ ಕಾರಿನ ತುಂಬ ಕೇಳುತ್ತಿತ್ತು, ಅದು ಅವರಿಗೆ ತಲುಪಲಿಲ್ಲ. ಮದ್ದಳೆಯ ಎಡಗೈ ತಲುಪಿತು. ಸ್ವಲ್ಪ ಹೊತ್ತಿನಲ್ಲಿ ಅವರ ಇನ್ನೊಂದು ಕೈಯ ಬೆರಳುಗಳು ಮೊಣಕಾಲಿನ ಮೇಲೆ ಆಡತೊಡಗಿದವು. ಅವು ಆಡುತ್ತಿದ್ದದ್ದು ಮದ್ದಳೆಯ ಪೆಟ್ಟುಗಳನ್ನಲ್ಲ. ಅದರ ನಡುವೆ ತಾನು ಬಾರಿಸಿದ್ದ ಚೆಂಡೆಯ ಪೆಟ್ಟುಗಳನ್ನು. ಟೇಪಿನ ಚೆಂಡೆಗೂ ಆ ಬೆರಳುಗಳಿಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ.

ಪದ ಮುಗಿದಾಗ ಅವರು ಕಿವಿ ಕೇಳದವರ ದೊಡ್ಡ ಸ್ವರದಲ್ಲಿ ಹೇಳಿದರು, “ಟೇಪು ನಿನ್ನ ಹತ್ರ ಇಟ್ಟದ್ದು ನಾನು. ಚೆಂಡೆ ಹೇಗೂ ಕೇಳ್ತದಲ್ಲ.”

ಐತಪ್ಪಣ್ಣ ಅವರ ಕಿವಿಗೆ ಬಗ್ಗಿ, ಆಗಲೇ ಹೇಳಬಹುದಿತ್ತಲ್ಲ ಎಂದು ಕೂಗಿದರು. ಎರಡು ಸಲ ಕೂಗಬೇಕಾಯಿತು.

“ನೀನು ಕೇಳ್ಲಿಲ್ಲ,” ಎಂದರು ನಾರ್ಣಪ್ಪಣ್ಣ.

ಆ ಮೇಲೆ ಪ್ರತಿ ಗುರುವಾರ ಆಸ್ಪತ್ರೆಯಿಂದ ಬರುವಾಗ ಕಾರು ಮರ್ಕಂಜಕ್ಕೆ ತಿರುಗುತ್ತಿತ್ತು. ಅರ್ಧ ಗಂಟೆ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂರುವರು, ಲಕ್ಷ್ಮಿಯಕ್ಕ ಚಾ ತಂದು ಕಿಟಕಿಯಿಂದ ಕೊಡುವರು. ನಾನು ಎಷ್ಟೋ ಸಲ ಏನಾದರೂ ನೆಪ ಮಾಡಿ ಜೊತೆಗೆ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಕೂತು ಕೇಳಿ ಕಲಿತಷ್ಟನ್ನು ನಾನು ಯಾವ ಶಾಲೆಯಲ್ಲೂ ಕಲಿತವನಲ್ಲ. ದಪ್ಪ ಸ್ವರ ಎಂದರೆ ಗದ್ದಲವಲ್ಲ. ಅದು ಪೆಟ್ಟು ಬಿದ್ದ ಕೂಡಲೇ ನಿಲ್ಲಬೇಕು, ಎಳೆಯಬಾರದು ಎಂದು ಐತಪ್ಪಣ್ಣ ಹೇಳಿದ ಮೇಲೆ ಪೆಟ್ಟಿಗೆಯ ಒಳಗೆ ಹತ್ತಿ ತುಂಬಿಸಿದೆ. ಪೆಟ್ಟು ಬಿಗಿಯಾಯಿತು. ಈಗ ಕಂಪೆನಿಯವರು ಪುಸ್ತಕದಲ್ಲಿ ಬರೆದು ಕೊಡುವ ಎಷ್ಟೋ ಸಂಗತಿಗಳನ್ನು ನನಗೆ ಕೈ ಬಿದ್ದುಹೋದ ಒಬ್ಬ ದರ್ಜಿ ಹೇಳಿಕೊಟ್ಟರು.

ಒಂದು ವರ್ಷ ಕಳೆದಿರಬೇಕು. ಉಸ್ಸೇನ್ ಬ್ಯಾರಿಗಳಿಗೆ ಮತ್ತೆ ವೀಸಾ ಬಂತು, ಹೋಗಲೇಬೇಕಾಯಿತು. ಕಾರನ್ನು ಕಾಸರಗೋಡಿನ ಕಡೆಯವರೊಬ್ಬರಿಗೆ ಮಾರಿದರು. ಮಾರುವ ಮೊದಲು ಪೆಟ್ಟಿಗೆ ಬಿಚ್ಚಿ ಐತಪ್ಪಣ್ಣನಿಗೆ ಕೊಡು ಎಂದು ನನಗೆ ಹೇಳಿದರು. ಕಂಪೆನಿಯ ಸೆಟ್ಟು ಮೊದಲಿದ್ದ ಹಾಗೆಯೇ ಉಳಿಯಿತು. ನನ್ನ ವಯರು ಇದ್ದ ಗುರುತೂ ಉಳಿಯಲಿಲ್ಲ.

ಪೆಟ್ಟಿಗೆಯನ್ನು ಐತಪ್ಪಣ್ಣನ ಮನೆಯಲ್ಲಿ ಒಂದು ಟೇಪ್‌ರೆಕಾರ್ಡರಿಗೆ ಜೋಡಿಸಿದೆ. ಕಾರಿನಲ್ಲಿ ಇದ್ದ ಹಾಗೆ ಬರಲಿಲ್ಲ. ಕಾರಿನ ಒಳಗು ಸಣ್ಣದು, ಮುಚ್ಚಿದ್ದು. ದಪ್ಪ ಸ್ವರ ಅಲ್ಲಿ ತುಂಬಿಕೊಳ್ಳುತ್ತದೆ. ಮನೆಯ ಚಾವಡಿಯಲ್ಲಿ ಅದು ಹರಿದು ಹೋಗುತ್ತದೆ. ನಾನು ಸೋಲಲು ಒಪ್ಪಲಿಲ್ಲ. ಒಂದು ತಿಂಗಳು, ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಮಂಡೆಕೋಲಿಗೆ ಹೋದೆ. ಇನ್ನೂ ದೊಡ್ಡ ಪೆಟ್ಟಿಗೆ ಮಾಡಿಸಿದೆ, ಅದನ್ನು ಸಣ್ಣ ಕೋಣೆಯ ಮೂಲೆಗೆ ಒತ್ತಿ ಇಟ್ಟೆ, ಬಾಗಿಲು ಕಿಟಕಿ ಮುಚ್ಚಿದೆ, ಐತಪ್ಪಣ್ಣನ ಮರದ ಬೆಂಚನ್ನು ಪೆಟ್ಟಿಗೆಗೆ ತಾಗಿಸಿ ಬೆನ್ನಿಗೆ ಪೆಟ್ಟು ಸಿಗುವಂತೆ ಮಾಡಿದೆ. ಒಂದು ಮಧ್ಯಾಹ್ನ ಎಲ್ಲವೂ ಸರಿಯಾಯಿತು. ಕಾರಿನಲ್ಲಿ ಕೇಳಿದ್ದಕ್ಕಿಂತಲೂ ಚೆನ್ನಾಗಿ, ಆ ಗಂಟಲಿನ ಗುನುಗು ಕೂಡ, ಕೋಣೆಯಲ್ಲಿ ಕೇಳಿತು. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾದ ದಪ್ಪ ಸ್ವರವನ್ನು ಮತ್ತೆ ನಾನು ಮಾಡಿಲ್ಲ.

ಐತಪ್ಪಣ್ಣ ಒಂದು ಪದ ಪೂರ್ತಿ ಕೇಳಿದರು. ಲಾಯಕ್ ಉಂಟು ಎಂದರು. ಬೆಂಚಿನ ಮೇಲೆ ತನ್ನ ಪಕ್ಕದ ಖಾಲಿ ಜಾಗದಲ್ಲಿ ಬಲಗೈ ಇಟ್ಟರು. ಎರಡನೆಯ ಪದ ಶುರುವಾಗಿತ್ತು.

“ದಾಮೋದರ,” ಎಂದರು. “ಸುಳ್ಯದಿಂದ ಮರ್ಕಂಜಕ್ಕೆ ಬಸ್ಸು ಎಷ್ಟು ಗಂಟೆಗೆ ಉಂಟು?”

ಪಕ್ಷವಾತ ಬಡಿದ ಮೇಲೆ ಅವರು ಬಸ್ಸು ಹತ್ತಿದವರಲ್ಲ. ನಾನು ಟೇಪು ನಿಲ್ಲಿಸಿ ಅಂಗಿ ತಂದುಕೊಟ್ಟೆ. ಎಡತೋಳನ್ನು ತೂರಿಸಲು ಹಿಡಿದುಕೊಳ್ಳಬೇಕಾಯಿತು. ರಸ್ತೆಯವರೆಗೆ ನಿಧಾನವಾಗಿ ನಡೆದೆವು. ಸುಳ್ಯದ ಬಸ್ಸು ಬಂದಾಗ ಕಂಡಕ್ಟರು ಇಳಿದು ಒಂದು ಬದಿಯಿಂದ ಹಿಡಿದರು, ಇನ್ನೊಂದು ಬದಿಯಿಂದ ನಾನು ಹಿಡಿದೆ. ಸೀಟಿನಲ್ಲಿ ಕೂತ ಮೇಲೆ ಕ್ಯಾಸೆಟ್ಟು ತಂದಿದ್ದೀರಾ ಎಂದು ನಾನು ಕೇಳಿದೆ. ಅದು ಎಂತಕ್ಕೆ, ಅವನಿಗೆ ಕೇಳುದಿಲ್ಲವಲ್ಲ ಎಂದರು ಐತಪ್ಪಣ್ಣ, ಮತ್ತು ಸುಳ್ಯ ಬರುವವರೆಗೂ ಬಲಗೈಯ ಬೆರಳುಗಳಿಂದ ಎದುರಿನ ಸೀಟಿನ ಕಂಬಿಯ ಮೇಲೆ ಬಾರಿಸುತ್ತಾ ಕೂತರು.